ಗೋಣು ಹಾಕಿದ್ದು ಯಾರು?

"ಇನ್ನೊಂದ್ಸಲ ಹಾಕಮ್ಮ. ದನಿ ಬೇಡ."

ಎ.ಎಸ್.ಐ. ವೆಂಕಟರಮಣಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೊಬೈಲಿನ ಪುಟ್ಟ ಪರದೆಯ ಮೇಲೆ ಬಾಗಿದರು. ಕಾನ್‌ಸ್ಟೆಬಲ್ ವೇಣಿ ಬಂದ ನಿಟ್ಟುಸಿರನ್ನು ನುಂಗಿ ಬಟನ್ ಒತ್ತಿದಳು. ಬೆಳಗಿನಿಂದ ಇದು ಹನ್ನೊಂದನೆಯ ಸಲ.

"ಸಾರ್, ದನಿ ತೆಗೆದ್ರೆ ಸಾಕ್ಷಿ ಬದಲಾಗ್ಬಿಡತ್ತಾ?"

"ಬದಲಾಗಲ್ಲ. ಕಾಣ್ಸತ್ತೆ."

ಒಂದು ನಿಮಿಷ ನಲವತ್ತು ಸೆಕೆಂಡಿನ ವಿಡಿಯೋ. ಹಿಂದೆ ಸಿಮೆಂಟು ಚೀಲಗಳ ರಾಶಿ. ಮುಂದೆ ಮಹಾದೇವಿ, ಸುರಪುರದ ಕಡೆಯಿಂದ ಬಂದು ಕಟ್ಟಡಗಳಲ್ಲಿ ಗಾರೆ ಹೊರುವ ಮೂವತ್ತೈದರ ಹೆಂಗಸು. ಪ್ರಶ್ನೆ ಕೇಳುತ್ತ ಇದನ್ನು ಚಿತ್ರಿಸಿದವರು ಸೈಟ್ ಎಂಜಿನಿಯರ್ ಪಂಚಾಕ್ಷರಿ. ಅವರ ಮೆದು ದನಿ ವಿಡಿಯೋದಲ್ಲಿತ್ತು. ಮುಖ ಇರಲಿಲ್ಲ.

ಆರು ದಿನಗಳ ಹಿಂದೆ ಹೆಬ್ಬಗೋಡಿಯ ಆ ಕಟ್ಟಡದ ಮೂರನೇ ಮಹಡಿಯಿಂದ ಮೇಸ್ತ್ರಿ ಅಮರಪ್ಪ ಕೆಳಗಿನ ಮರಳಿನ ಗುಡ್ಡೆಗೆ ಬಿದ್ದಿದ್ದ. ಇನ್ನೂ ಪ್ರಜ್ಞೆ ಬಂದಿರಲಿಲ್ಲ. ತಳ್ಳಿದವನು ಅವನ ಹೆಂಡತಿಯ ತಮ್ಮ ಬಸಲಿಂಗ ಎಂದು ಮಹಾದೇವಿ ಹೇಳಿದ್ದು ಈ ವಿಡಿಯೋದಲ್ಲೇ. ಬಸಲಿಂಗ ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದ. ಇವತ್ತು ನಾಲ್ಕು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

ವೆಂಕಟರಮಣಪ್ಪನವರನ್ನು ಕಾಡುತ್ತಿದ್ದುದು ಆ ನಾಲ್ಕು ಗಂಟೆಯಲ್ಲ. ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೊರಗಿ ಕೂತಿದ್ದ ಮಲಕವ್ವ. ಬಿದ್ದವನು ಅವಳ ಗಂಡ, ತಳ್ಳಿದವನೆಂದು ಹಿಡಿದದ್ದು ಅವಳೇ ಎತ್ತಿ ಆಡಿಸಿದ ತಮ್ಮ. ನಿನ್ನೆ ವೇಣಿ ಹೋಗಿ, "ತಮ್ಮನಿಗೆ ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದ್ದಳು. ಮಲಕವ್ವ ಕಣ್ಣನ್ನೂ ಎತ್ತಿರಲಿಲ್ಲ.

"ನಿಲ್ಸು. ಇಲ್ಲಿ ನೋಡು," ಎಂದರು ವೆಂಕಟರಮಣಪ್ಪ. "ಈಗ ಎಂಜಿನಿಯರು ಏನೋ ಕೇಳ್ದ. ಇವಳ ಕಣ್ಣು ಎಲ್ಲೋಯ್ತು?"

"ಮೇಲಕ್ಕೆ. ಮೊಬೈಲಿಂದ ಒಂದು ಗೇಣು ಮೇಲಕ್ಕೆ."

"ಅಲ್ಲೇನಿದೆ?"

"ಅವರ ಮುಖ ಇರತ್ತೆ ಸಾರ್."

"ಹ್ಞೂಂ. ಈಗ ಬಿಡು. ಕಣ್ಣು ಅಲ್ಲೇ ನಿಂತ್ಕೊಳ್ತು. ಒಂದು, ಎರಡು... ಈಗ ಇವಳ ತಲೆ ಅಲ್ಲಾಡ್ತು. ಆಮೇಲೆ ಬಾಯಿ."

ಮುಂದಿನ ಪ್ರಶ್ನೆಗೂ ಅದೇ. ಅದರ ಮುಂದಿನದಕ್ಕೂ ಅದೇ. ದನಿ ಹಾಕಿ ನೋಡಿದಾಗ ಹೆಂಗಸೊಬ್ಬಳು ಖಂಡಿತವಾಗಿ ಹೌದು ಹೌದು ಎನ್ನುತ್ತಿದ್ದಳು. ದನಿ ತೆಗೆದರೆ, ಬಾವಿಗೆ ಬಿಂದಿಗೆ ಇಳಿಬಿಟ್ಟು ನೀರು ತುಂಬುವ ತನಕ ಕಾದು ಮೇಲೆತ್ತುವವಳ ಹಾಗೆ, ಪ್ರತಿ ಉತ್ತರವನ್ನೂ ಎದುರಿನ ಮುಖದಿಂದ ಸೇದಿಕೊಳ್ಳುತ್ತಿದ್ದಳು.

ವೆಂಕಟರಮಣಪ್ಪ ಹೂಡಿಯವರು. ಆ ಊರಿನಲ್ಲಿ ಇನ್ನೂ ರಾಗಿ ಹೊಲಗಳಿದ್ದ ಕಾಲದಲ್ಲಿ, ಶ್ರಾವಣದ ಸಂಜೆಗಳಲ್ಲಿ ಅವರ ತಾತ ರಾಮಮಂದಿರದ ಜಗುಲಿಯಲ್ಲಿ ಪುರಾಣ ಓದುತ್ತಿದ್ದರು. ತಾತನಿಗೆ ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದುದರಿಂದ ಕಣ್ಣು ಪುಸ್ತಕದಲ್ಲಿರುತ್ತಿರಲಿಲ್ಲ. ಕೂತವರ ತಲೆಗಳ ಮೇಲಿರುತ್ತಿತ್ತು. ಎಲ್ಲಿ ತಲೆ ತೂಗಿದವೋ ಆ ಪದ್ಯವನ್ನು ಮತ್ತೆ ಎತ್ತಿಕೊಳ್ಳುತ್ತಿದ್ದರು. ಎಲ್ಲಿ ತೂಗಲಿಲ್ಲವೋ ಅಲ್ಲಿ ಸರಸರ ದಾಟಿಬಿಡುತ್ತಿದ್ದರು. "ಓದೋನು ನಾನಲ್ಲ ಕಣೋ ಮಗಾ, ಓದ್ಸೋರು ಅವ್ರು," ಎಂದು ಒಮ್ಮೆ ಮನೆಗೆ ಬರುವ ದಾರಿಯಲ್ಲಿ ಹೇಳಿದ್ದರು.

"ವೇಣಿ, ಗಾಡಿ ತೆಗಿ. ಆಯಮ್ಮನ ಹತ್ರ ಹೋಗಾಣ."

"ಹೇಳಿಕೆ ಬರೆಸ್ಕೊಂಡಾಗಿದ್ಯಲ್ಲ ಸಾರ್?"

"ಬರೆಸ್ಕೊಂಡಿದೀವಿ. ಯಾರದ್ದು ಅಂತ ಗೊತ್ತಿಲ್ಲ."

* * *

ಹೆಬ್ಬಗೋಡಿಯ ವಠಾರದಲ್ಲಿ ಶೀಟಿನ ಛಾವಣಿಯ ಹನ್ನೆರಡು ಕೋಣೆಗಳು ಎದುರುಬದುರು ನಿಂತಿದ್ದವು. ನಡುವಿನ ಓಣಿಯಲ್ಲಿ ಒಣಗಲು ಹಾಕಿದ ಸಮವಸ್ತ್ರಗಳು, ಕಾರ್ಖಾನೆಯದೊಂದು, ಸೆಕ್ಯುರಿಟಿಯದೊಂದು. ಸೈಟು ಮುಚ್ಚಿದ್ದರಿಂದ ಮಹಾದೇವಿ ಮನೆಯಲ್ಲೇ ಇದ್ದಳು. ಪೊಲೀಸರನ್ನು ಕಂಡದ್ದೇ ಎದ್ದು ನಿಂತು, ಹಾಸಿದ ಚಾಪೆಯನ್ನೇ ಮತ್ತೆ ಕೊಡವಿ ಹಾಸಿದಳು.

"ಬರ್ರಿ ಸಾಹೇಬ್ರ. ಕೂಡ್ರಿ. ಅಕ್ಕಾರ, ನೀವೂ ಕೂಡ್ರಿ."

ವೆಂಕಟರಮಣಪ್ಪ ಅವಳ ಎದುರಿಗೇ ಕೂತರು. ಮುಖ ಸಡಿಲ ಬಿಟ್ಟು, ಹುಬ್ಬು ಎತ್ತಿ, ತಲೆಯನ್ನು ಮೇಲೆ ಕೆಳಗೆ ನಿಧಾನವಾಗಿ ಆಡಿಸುತ್ತ ಕೇಳಿದರು:

"ಅವತ್ತು ಅಮರಪ್ಪ ಕೆಂಪು ಅಂಗಿ ಹಾಕ್ಕೊಂಡಿದ್ದ, ಅಲ್ವೇನಮ್ಮ?"

ಮಹಾದೇವಿ ಅವರ ಮುಖ ನೋಡಿದಳು. ಒಂದು, ಎರಡು.

"ಹೌದ್ರಿ. ಕೆಂಪಂಗಿ."

ವೇಣಿ ತಟ್ಟನೆ ತಿರುಗಿದಳು. ಠಾಣೆಯಲ್ಲಿ ಚೀಲಕ್ಕೆ ಹಾಕಿ ಸೀಲ್ ಮಾಡಿಟ್ಟ ಅಂಗಿಯ ಬಣ್ಣ ಅವಳಿಗೆ ಗೊತ್ತಿತ್ತು. ವೆಂಕಟರಮಣಪ್ಪ ಈಗ ಹುಬ್ಬು ಗಂಟಿಕ್ಕಿ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದರು.

"ಏ, ಕೆಂಪಲ್ಲ ಅನ್ಸತ್ತಪ್ಪ..."

"ಅಲ್ರಿ, ಕೆಂಪಲ್ರಿ," ಎಂದಳು ಮಹಾದೇವಿ ಅಷ್ಟೇ ವಿನಯದಿಂದ.

ವೇಣಿಯ ಬಾಯಿ ಅರೆ ತೆರೆದೇ ಉಳಿಯಿತು. ವೆಂಕಟರಮಣಪ್ಪನವರಿಗೆ ನಗು ಬರಲಿಲ್ಲ. ಇಷ್ಟು ಸಲೀಸಾಗಿ ಒಬ್ಬ ಹುಡುಗನನ್ನು ಜೈಲಿಗೆ ಕಳಿಸಬಹುದಿತ್ತು.

"ಊಟ ಆಯ್ತೇನಮ್ಮ?"

"ಇಲ್ರಿ. ಹಿಟ್ಟು ಕಲಸಿಟ್ಟಿದ್ದೆ. ನೀವು ಬಂದ್ರಿ."

"ನೀನು ರೊಟ್ಟಿ ಮಾಡ್ಕೋ. ನಾವು ಇಲ್ಲೇ ಗಾಳಿಗೆ ಕೂತ್ಕೊಳ್ತೀವಿ. ನಿನ್ ಕೆಲಸ ನೀನು ಮಾಡ್ತಾ ಮಾತಾಡು, ನಮಗೇನೂ ಅವಸರ ಇಲ್ಲ."

ಅವರು ಎದ್ದು ಹೊಸ್ತಿಲ ಮೇಲೆ ಓಣಿಗೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು ಕೂತರು. ವೇಣಿಗೆ ಕಣ್ಣಲ್ಲೇ ಸನ್ನೆ ಮಾಡಿದರು: ಪಕ್ಕಕ್ಕೆ ಹೋಗು, ಕೈ ನೋಡು.

ಒಳಗೆ ಸ್ಟೌ ಹತ್ತಿತು. ಹಲಗೆಯ ಮೇಲೆ ಜೋಳದ ಹಿಟ್ಟು ಬಿತ್ತು. ತಟ್, ತಟ್, ತಟ್. ರೊಟ್ಟಿ ಬಡಿಯುವವಳ ಕಣ್ಣು ರೊಟ್ಟಿಯ ಅಂಚಿನ ಮೇಲೇ ಇರಬೇಕು. ಇಲ್ಲದಿದ್ದರೆ ಅದು ಹರಿಯುತ್ತದೆ. ಅವಳೀಗ ಯಾರ ಮುಖವನ್ನೂ ನೋಡುವಂತಿರಲಿಲ್ಲ.

"ಅವತ್ತು ಏನಾಯ್ತು, ಹೇಳಮ್ಮ," ಎಂದರು ವೆಂಕಟರಮಣಪ್ಪ ಎದುರುಮನೆಯ ಬಾಗಿಲಿಗೆ ಹೇಳುವವರಂತೆ. ಅಷ್ಟೇ. ಹೂಂ ಎನ್ನಲಿಲ್ಲ, ಹೌದಾ ಎನ್ನಲಿಲ್ಲ.

ಒಂದು ರೊಟ್ಟಿ ಹಂಚಿಗೆ ಹೋಯಿತು, ಎರಡನೆಯದು ಹಲಗೆಗೆ ಬಂತು.

"ನಾ ಗಾರಿ ಬಾಂಡ್ಲಿ ಹೊತ್ಕೊಂಡು ಮೆಟ್ಟಿಲ ಏರಿ ಬರ್ಲಾಕತ್ತಿದ್ನಿರಿ," ಎಂದಳು ಕೊನೆಗೆ. "ಮೇಸ್ತ್ರಿ ಅಂಚಿಗೆ ಹಾಕಿದ್ದ ಹಲಗಿ ಮ್ಯಾಲ ನಿಂತಿದ್ದ. ಮಾರಿ ಒಳಗ ಮಾಡಿ. ನೀಲಿ ಅಂಗಿ ಹಾಕ್ಕೊಂಡಿದ್ದ, ಗೀಟಿಂದು."

ವೇಣಿ ಉಸಿರು ಬಿಗಿ ಹಿಡಿದಳು. ನೀಲಿ, ಗೀಟಿನದು. ಸರಿಯಾಗಿ ಅದೇ.

"ಹಿಂದಕ್ಕ ಹಿಂದಕ್ಕ ಸರದನ್ರಿ. ಯಾಕ ಸರದ, ಯಾರ್ನ ನೋಡಿ ಸರದ, ನನಗ ಗೊತ್ತಿಲ್ಲ. ಕಂಬ ಅಡ್ಡ ಇತ್ತು. ಅಷ್ಟರಾಗ ಬಸ್ಯಾ ಕಂಬದ ಹಿಂದಿಂದ ಓಡಿ ಬಂದ. 'ಮಾವಾ' ಅಂತ ಒದರಿದ. ಕೈ ಹಿಂಗ..."

ತಟ್ ಸದ್ದು ನಿಂತಿತು.

ವೇಣಿ ನೋಡಿದಳು. ಹಿಟ್ಟು ಮೆತ್ತಿದ ಮಹಾದೇವಿಯ ಬಲಗೈ ಮುಂದಕ್ಕೆ ಚಾಚಿತು. ಅಂಗೈ ಎದುರಿಗೆ ಒತ್ತಲಿಲ್ಲ. ಮಗುಚಿ ಮೇಲೆ ಬಂತು, ಐದೂ ಬೆರಳು ಗಾಳಿಯನ್ನು ಗಬಕ್ಕನೆ ಹಿಡಿದವು. ಹಿಡಿದ ಮುಷ್ಟಿ ಎದೆಯ ಕಡೆಗೆ ಜಗ್ಗಿತು.

"ಅಂಗಿ ಪರ್ ಅಂತ ಹರೀತ್ರಿ," ಎಂದಳು ಮಹಾದೇವಿ. ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. "ಆ ಸಪ್ಪಳ ನನ್ನ ಕಿವ್ಯಾಗ ಇನ್ನಾ ಅದ. ಆಮ್ಯಾಲ ಮೇಸ್ತ್ರಿ ಇರಲಿಲ್ಲ."

"ತಳ್ಳಿದ ಅಂತ ಹೇಳಿದ್ಯಲ್ಲಮ್ಮ," ಎಂದಳು ವೇಣಿ, ತಡೆಯಲಾರದೆ.

ಮಹಾದೇವಿ ತಲೆ ತಗ್ಗಿಸಿದಳು.

"ಎಂಜಿನಿಯರ್ ಸಾಹೇಬ್ರು ಕೇಳಿದ್ರು ನೋಡ್ರಿ. ಅವ್ರ ಮಾತು ಅರ್ಧ ಇಂಗ್ಲಿಷು, ಅರ್ಧ ಬೆಂಗ್ಳೂರಿಂದು. ನಾ ಅವ್ರ ಮಾರಿ ನೋಡ್ದೆ. ಅವ್ರು ಗೋಣ ಹಾಕ್ಲಾಕತ್ತಿದ್ರು. ಕೈ ಎರಡೂ ಮುಂದ ಮಾಡಿ ಹಿಂಗ ದಬ್ಬಿ ತೋರಿಸಿದ್ರು, ಮತ್ತ ಗೋಣ ಹಾಕಿದ್ರು. ಅಷ್ಟ ದೊಡ್ಡಾವ್ರು ಗೋಣ ಹಾಕೂವಾಗ ಮಾರಿ ಮುಂದ ನಿಂತು ಇಲ್ಲ ಅಂತ ಹ್ಯಾಂಗ ಅನ್ನೂದ್ರಿ? ಅವ್ರ ಮಾರಿ ಸಣ್ಣದಾಗ್ತದ. ನಮ್ಮ ಕಡಿ ಹಂಗ ಎದುರ ಮಾತಾಡಂಗಿಲ್ರಿ."

"ಆಮೇಲೆ ಠಾಣೇಲಿ ನಾವು ಕೇಳಿದಾಗ?"

"ನೀವೂ ಗೋಣ ಹಾಕಿದ್ರಲ್ರಿ ಅಕ್ಕಾರ."

ವೇಣಿಯ ಮುಖ ಕೆಂಪೇರಿತು. ಹೌದು, ಬರೆಯುತ್ತ ಬರೆಯುತ್ತ ಅವಳೂ ತಲೆಯಾಡಿಸಿದ್ದಳು. ಹೇಳುವವರಿಗೆ ಧೈರ್ಯ ಬರಲೆಂದು.

"ರೊಟ್ಟಿ ಸೀದ್ಹೋಗ್ತಿದೆ ನೋಡಮ್ಮ," ಎಂದರು ವೆಂಕಟರಮಣಪ್ಪ ತಿರುಗದೆಯೇ.

"ಅಯ್ಯ!" ಮಹಾದೇವಿ ರೊಟ್ಟಿ ಮಗುಚಿದಳು. ಸೀದಿತ್ತು. ಅದನ್ನು ನೋಡಿ ಇದ್ದಕ್ಕಿದ್ದಂತೆ ನಕ್ಕಳು. ನಗುತ್ತಲೇ ಕಣ್ಣೀರು ಬಂತು, ಹಿಟ್ಟಿನ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡಳು. "ಎದಿ ಹಗುರಾತ್ರಿ ಸಾಹೇಬ್ರ. ನಿನ್ನಿಯಿಂದ ಮಲಕವ್ವನ ಮನಿ ಮುಂದ ಹಾದು ನೀರು ತರಲಾಕ ಆಗಿಲ್ಲ. ಆ ಹುಡುಗ ನನ್ನ ಬಾಯಿಂದ ಒಳಗ ಹೋದನಲ್ಲ ಅಂತ."

* * *

ಇನ್ಸ್‌ಪೆಕ್ಟರ್ ಸಾಹೇಬರು ಫೋನಿನಲ್ಲಿ ಅಷ್ಟು ಸುಲಭಕ್ಕೆ ಹಗುರಾಗಲಿಲ್ಲ.

"ಸಾಕ್ಷಿ ತಿರುಗಿಬಿದ್ಳು ಅಂತ ಬಿಟ್ಬಿಡೋದಾ ವೆಂಕಟರಮಣಪ್ಪ? ಇವತ್ತು ಬೆನ್ನು ತಿರುಗಿಸಿ ಕೇಳಿದ್ರಿ, ನಾಳೆ ಮಲಗಿ ಕೇಳಿದ್ರೆ ಇನ್ನೊಂದು ಹೇಳ್ತಾಳೆ."

"ಸರಿ ಸಾರ್. ಅವಳ ಮಾತು ಬಿಡಿ. ಅಂಗಿ ಚೀಲ ಬಿಚ್ಚಿ ಎಡತೋಳು ನೋಡಿ."

ಫೋನಿನೊಳಗೆ ಕಾಗದದ ಸರಭರ.

"ಭುಜದ ಹೊಲಿಗೇಲಿ ಕಿತ್ಕೊಂಡಿದೆ. ಪೂರ್ತಿ."

"ಮರಳ ಮೇಲೆ ಬಿದ್ರೆ ಅಂಗಿ ತರಚುತ್ತೆ ಸಾರ್. ಭುಜದ ಹೊಲಿಗೆ ಕೀಳಬೇಕಾದ್ರೆ ಯಾರಾದ್ರೂ ತೋಳು ಹಿಡಿದು ಎಳೆದಿರ್ಬೇಕು. ತಳ್ಳೋನಿಗೆ ತೋಳು ಯಾಕೆ ಬೇಕು? ಹಂಗೇ ಹುಡುಗನ ಬಲಗೈ ನೋಡಿ. ಎರಡು ಉಗುರು ಬುಡಕ್ಕೆ ಮುರಿದಿವೆ. ಜಗಳದಲ್ಲಿ ಆಗಿರ್ಬೇಕು ಅಂತ ನಾವೇ ಬರೆದಿದೀವಿ."

"ಅವನು ನಿನ್ನೆಯಿಂದ ಅದನ್ನೇ ಹೇಳ್ತಿದ್ದ. ಹಿಡ್ಕೊಳ್ಳೋಕೆ ಹೋದೆ, ಹಿಡ್ಕೊಳ್ಳೋಕೆ ಹೋದೆ ಅಂತ."

"ಎಲ್ರೂ ಹೇಳೋದು ಅದನ್ನೇ ಅಂತ ನಾವು ಕೇಳಿಸ್ಕೊಳ್ಲಿಲ್ಲ ಸಾರ್."

ಇನ್ಸ್‌ಪೆಕ್ಟರ್ ದೀರ್ಘವಾಗಿ ಉಸಿರು ಬಿಟ್ಟರು. "ನಾಲ್ಕು ಗಂಟೆಗೆ ಕರ್ಕೊಂಡು ಹೋಗೋದಿಲ್ಲ. ಕರೆದಾಗ ಬರ್ಬೇಕು ಅಂತ ಬರೆಸ್ಕೊಂಡು ಈಗ್ಲೇ ಕಳಿಸ್ತೀನಿ. ಆಯ್ತಾ? ನೀವು ಆ ಅಕ್ಕನಿಗೆ ಹೇಳಿ."

ಫೋನ್ ಜೇಬಿಗಿಳಿಸಿದಾಗ ವೇಣಿ ಗಾಡಿಯ ಪಕ್ಕ ನಿಂತು ಹಲ್ಲು ಬಿಡುತ್ತಿದ್ದಳು.

"ಸಾರ್, ಇನ್ಮೇಲೆ ನೀವು ಬೈಯೋವಾಗ್ಲೂ ನಾನು ತಲೆ ಆಡ್ಸಲ್ಲ."

"ನಿನ್ ಕಣ್ಣು ಆಡ್ಸ್ಕೊಂಡ್ರೆ ಸಾಕು. ನಡಿ."

* * *

ಆಸ್ಪತ್ರೆಯ ವರಾಂಡದಲ್ಲಿ ಮಲಕವ್ವ ನಿನ್ನೆ ಕೂತಲ್ಲೇ ಕೂತಿದ್ದಳು. ವೆಂಕಟರಮಣಪ್ಪ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೂ ಮಾತು ಸೇರಿಸದೆ ತೆಗೆಯದೆ ಹೇಳಿದರು. ಮಾವಾ ಎಂದು ಕೂಗಿದ್ದು. ಕೈ ಚಾಚಿದ್ದು. ಅಂಗಿಯ ತೋಳು ಕಿತ್ತು ಬಂದದ್ದು.

ಅವಳ ಮುಖ ಒಡನೆ ಬದಲಾಗಲಿಲ್ಲ. ಮೊದಲು ಕುತ್ತಿಗೆಯ ನರ ಸಡಿಲವಾಯಿತು. ಆಮೇಲೆ ಆರು ದಿನಗಳಿಂದ ಕಚ್ಚಿಹಿಡಿದಿದ್ದ ದವಡೆ. ಕೊನೆಗೆ ಇಡೀ ಮೈಯೇ ಗೋಡೆಯಿಂದ ಜಾರಿ ನೆಲಕ್ಕೆ ವಾಲಿತು.

"ಬಸ್ಯಾ ಉಂಡಾನೇನ್ರಿ?" ಎಂದಳು.

ವೇಣಿ ಮುಖ ತಿರುಗಿಸಿಕೊಂಡಳು.

"ಇಲ್ಲಿಗೇ ಬರ್ತಾನಮ್ಮ. ನೀನೇ ಉಣ್ಸು."

"ನಾ ಒಂದು ತುತ್ತು ಕಳಿಸ್ಲಿಲ್ರಿ ಅವನಿಗೆ. ಮಾರಿ ನೋಡಂಗಿಲ್ಲ ಅಂದೆ. ಹೊಟ್ಯಾಗ ಏನ್ ಇಟ್ಕೊಂಡು ಕುಂತಿದ್ದೆ ನಾ..." ಮುಂದಿನದು ಅಳುವಿನಲ್ಲಿ ಹೋಯಿತು. ನೋಡುವವರಿಗೆ ಭಯವಾಗದ, ಮಳೆ ಹೊಯ್ದು ಹೊಲ ತಣ್ಣಗಾಗುವಂಥ ಅಳು.

ಅದು ಇನ್ನೂ ನಿಂತಿರಲಿಲ್ಲ. ಐ.ಸಿ.ಯು. ಬಾಗಿಲು ತೆರೆದು ಸಿಸ್ಟರ್ ಅಂಜಿನಮ್ಮ ಕತ್ತು ಚಾಚಿದಳು.

"ಅಮರಪ್ಪನ ಕಡೆಯೋರು? ಬನ್ನಿ, ಕಣ್ ಬಿಟ್ಟಿದಾರೆ! ಈಗ, ಹತ್ತು ನಿಮಿಷ ಆಯ್ತು. ಡಾಕ್ಟ್ರು ನೋಡಿದ್ರು. ಗಂಟಲಲ್ಲಿ ನಳಿಗೆ ಇದೆ, ಮಾತಾಡಕ್ಕಾಗಲ್ಲ. ಆದ್ರೆ ಎಲ್ಲಾ ತಿಳಿಯತ್ತೆ. ಹೌದು ಅಂದ್ರೆ ಒಂದ್ಸಲ ರೆಪ್ಪೆ ಮುಚ್ಚಿ, ಇಲ್ಲ ಅಂದ್ರೆ ಎರಡ್ಸಲ ಅಂತ ಹೇಳ್ಕೊಟ್ಟಿದೀನಿ. ಜಾಣ!"

ಒಂದೇ ದಿನದಲ್ಲಿ ಇಷ್ಟು ಒಳ್ಳೆಯದು ಬಂದರೆ ತಡೆದುಕೊಳ್ಳುವುದು ಹೇಗೆಂದು ಮಲಕವ್ವನಿಗೆ ತಿಳಿಯಲಿಲ್ಲ. ಎದ್ದವಳು ಎರಡು ಸಲ ಮುಗ್ಗರಿಸಿದಳು. ವೇಣಿಯನ್ನು ಹೊರಗೆ ನಿಲ್ಲಿಸಿ ವೆಂಕಟರಮಣಪ್ಪ ಅವಳನ್ನು ಹಿಡಿದು ಒಳಗೆ ನಡೆಸಿದರು. ಅಂಜಿನಮ್ಮ ಕೊಟ್ಟ ಮುಖಗವಸು ಮಲಕವ್ವನ ಕಿವಿಗೆ ನಿಲ್ಲಲಿಲ್ಲ. ಸೆರಗನ್ನೇ ಮೂಗು ಬಾಯಿಗೆ ಹಿಡಿದುಕೊಂಡಳು. ವೆಂಕಟರಮಣಪ್ಪ ತಮ್ಮದನ್ನು ಕಣ್ಣಿನ ಕೆಳಗಿನವರೆಗೂ ಎಳೆದು ಕಟ್ಟಿಕೊಂಡರು. ಮುಖ ಮುಚ್ಚಿಕೊಳ್ಳಲು ಕೊಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದರು.

ಅಮರಪ್ಪನ ಕಣ್ಣು ಹೆಂಡತಿಯನ್ನು ಹುಡುಕಿ ಹಿಡಿಯಿತು. ರೆಪ್ಪೆ ಒಂದು ಸಲ ಮುಚ್ಚಿ ತೆರೆಯಿತು. ಯಾರೂ ಏನೂ ಕೇಳಿರಲಿಲ್ಲ.

"ನೋಡಿದ್ರಾ?" ಎಂದಳು ಮಲಕವ್ವ ನಗುತ್ತ, ಅಳುತ್ತ. "ಹೌದಂತ!"

ವೆಂಕಟರಮಣಪ್ಪ ಹೊದಿಕೆಯ ಕೆಳಗಿದ್ದ ಅವನ ಕೈಯೊಳಗೆ ತಮ್ಮ ಎರಡು ಬೆರಳು ಇಟ್ಟರು. ಕಣ್ಣನ್ನು ಗೋಡೆಯ ಯಂತ್ರದ ಹಸಿರು ಗೆರೆಯ ಮೇಲೆ ನೆಟ್ಟು, ದನಿಯಲ್ಲಿ ಏರಿಲ್ಲದೆ ಇಳಿವಿಲ್ಲದೆ ಕೇಳಿದರು. ಅವನ ರೆಪ್ಪೆಗಳನ್ನು ನೋಡಿ ಹೇಳುವ ಕೆಲಸ ಅಂಜಿನಮ್ಮನದು.

"ನಿನ್ನನ್ನ ಯಾರಾದ್ರೂ ತಳ್ಳಿದ್ರಾ?"

"ಎರಡ್ಸಲ," ಎಂದಳು ಅಂಜಿನಮ್ಮ. "ಇಲ್ಲ."

ಮಲಕವ್ವ ಮಂಚದ ಕಂಬಿ ಹಿಡಿದು ಕಣ್ಣು ಮುಚ್ಚಿದಳು. ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ. ಬಿದ್ದವನೇ ಹೇಳಿದ್ದ. ವೆಂಕಟರಮಣಪ್ಪನವರ ಎದೆಯಲ್ಲೂ ಏನೋ ಗಂಟು ಬಿಚ್ಚಿತು. ಇಲ್ಲಿಗೆ ಮುಗಿಸಿ ಮನೆಗೆ ಹೋಗಬಹುದಿತ್ತು. ಕಾಗದಕ್ಕೆ ಬೇಕಲ್ಲ ಎಂದು ಇನ್ನೊಂದು ಕೇಳಿದರು.

"ಹಾಗಾದ್ರೆ ಕಾಲು ಜಾರಿತಾ?"

ಅಂಜಿನಮ್ಮ ಮಂಚದ ಮೇಲೆ ಇನ್ನಷ್ಟು ಬಾಗಿದಳು.

"ಎರಡ್ಸಲ," ಎಂದಳು ಅಂಜಿನಮ್ಮ. ಅವಳ ದನಿ ಇಳಿದಿತ್ತು. "ಇಲ್ಲ ಅಂತಿದಾರೆ."

ಯಾರೂ ತಳ್ಳಲಿಲ್ಲ. ಕಾಲೂ ಜಾರಲಿಲ್ಲ. ಹಿಂದಕ್ಕೆ ಹಿಂದಕ್ಕೆ ಸರಿದ ಎಂದಿದ್ದಳು ಮಹಾದೇವಿ, ಯಾರನ್ನು ನೋಡಿ ಸರಿದನೋ ಗೊತ್ತಿಲ್ಲ, ಕಂಬ ಅಡ್ಡ ಇತ್ತು. ವೆಂಕಟರಮಣಪ್ಪ ಮೂರನೆಯ ಪ್ರಶ್ನೆಯನ್ನು ಬಾಯಲ್ಲಿ ಕೂಡಿಸಿಕೊಳ್ಳುತ್ತಿದ್ದರು.

ಬೆನ್ನ ಹಿಂದೆ ಬಾಗಿಲು ತೆರೆಯಿತು.

"ಅಕ್ಕಾ!"

ಬಸಲಿಂಗ. ಗಡ್ಡ ಬೆಳೆದಿತ್ತು, ಕಣ್ಣು ಊದಿತ್ತು, ಮುಖದ ತುಂಬ ನಗು. ಅವನ ಹೆಗಲ ಮೇಲೆ ಕೈ ಇಟ್ಟುಕೊಂಡು ಎಂಜಿನಿಯರ್ ಪಂಚಾಕ್ಷರಿ. ಇನ್ನೊಂದು ಕೈಯಲ್ಲಿ ಮೋಸಂಬಿಯ ಚೀಲ.

"ಬಿಟ್ರು ಅಂತ ಗೊತ್ತಾಯ್ತು. ನಾನೇ ನನ್ ಕಾರಲ್ಲಿ ಕರ್ಕೊಂಡು ಬಂದೆ," ಎಂದರು ಪಂಚಾಕ್ಷರಿ ಆ ಮೆದು ದನಿಯಲ್ಲಿ. "ತುಂಬಾ ರಿಲೀಫ್ ಆಯ್ತು ಸಾರ್. ನಾನೇ ಏನೋ ತಪ್ಪು ತಿಳ್ಕೊಂಡ್ಬಿಟ್ಟಿದ್ದೆ. ಅಮರಪ್ಪ ಹೇಗಿದ್ದಾರೆ?"

ವೆಂಕಟರಮಣಪ್ಪ ತಿರುಗಿ ಮಂಚ ನೋಡಿದರು.

ಅಮರಪ್ಪನ ಕಣ್ಣುಗಳು ಮುಚ್ಚಿದ್ದವು. ರೆಪ್ಪೆ ಅದುರುತ್ತಿರಲಿಲ್ಲ. ಹುಬ್ಬು, ಕೆನ್ನೆ, ಹಣೆ, ಎಲ್ಲವೂ ಕಳೆದ ಆರು ದಿನ ಇದ್ದ ಹಾಗೆಯೇ ನುಣ್ಣಗೆ, ಖಾಲಿಯಾಗಿ. ಹೊದಿಕೆಯ ಕೆಳಗೆ ಮಾತ್ರ, ಅವರ ಎರಡು ಬೆರಳುಗಳನ್ನು ಆ ಕೈ ಮುರಿಯುವಷ್ಟು ಬಿಗಿಯಾಗಿ ಹಿಡಿದಿತ್ತು.

"ಇನ್ನೂ ಎಚ್ಚರ ಆಗಿಲ್ಲ," ಎಂದರು ವೆಂಕಟರಮಣಪ್ಪ.

ಅಂಜಿನಮ್ಮ ಬಾಯಿ ತೆರೆದಳು, ಅವರ ಕಣ್ಣು ನೋಡಿದಳು, ಮುಚ್ಚಿದಳು. ಮಲಕವ್ವ ಸೆರಗನ್ನು ಹಣೆಯಿಂದ ಗದ್ದದವರೆಗೆ ಇಳಿಬಿಟ್ಟು ಗೋಡೆಯ ಕಡೆಗೆ ಸರಿದಳು. ಅದರೊಳಗೆ ಅವಳ ಮುಖ ಹೇಗಿತ್ತೋ ಯಾರಿಗೂ ಕಾಣಲಿಲ್ಲ.

"ಇಷ್ಟು ಜನ ಇರೋ ಹಾಗಿಲ್ಲ," ಎಂದಳು ಅಂಜಿನಮ್ಮ. "ಪೇಷೆಂಟ್ ಹತ್ರ ಒಬ್ಬರೇ."

"ನಾ ಇರ್ತೀನಿ," ಎಂದ ಬಸಲಿಂಗ.

"ನಾನಿರ್ತೀನಿ," ಎಂದರು ಪಂಚಾಕ್ಷರಿ, ಅದೇ ಕ್ಷಣಕ್ಕೆ. "ನೀವೆಲ್ಲ ಹೋಗಿ ಊಟ ಮಾಡಿ ಬನ್ನಿ."

ಇಬ್ಬರೂ ಮಂಚದ ಕಡೆಗೆ ಒಂದೊಂದು ಹೆಜ್ಜೆ ಇಟ್ಟರು. ಇವರಲ್ಲಿ ಯಾರನ್ನು ನೋಡಿ ಅಮರಪ್ಪ ಅವತ್ತು ಹಿಂದಕ್ಕೆ ಸರಿದಿದ್ದ? ಹೊದಿಕೆಯ ಕೆಳಗೆ ಅಮರಪ್ಪನ ಉಗುರುಗಳು ವೆಂಕಟರಮಣಪ್ಪನವರ ಚರ್ಮದೊಳಕ್ಕೆ ಇಳಿದವು.